ಟೇಲರಮ್ಮ ಒರೆಸಿದ ಗೆರೆ

ಹೊಲಿದು ಮುಗಿಸಿದ ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆ ಒರೆಸದೆ ಟೇಲರಮ್ಮ ಯಾರ ಕೈಗೂ ಅದನ್ನು ಕೊಟ್ಟವಳಲ್ಲ. ಲಂಗದ ವಯಸ್ಸಿನಲ್ಲಿ ಚಿಕ್ಕಮ್ಮನ ಮಷೀನಿನ ಮುಂದೆ ಕುಳಿತ ದಿನ ಕಲಿತ ಮೊದಲ ಪಾಠ ಅದು. ಗೆರೆ ನಿನಗೆ, ಅಂಗಿ ಅವರಿಗೆ, ಎಂದಿದ್ದಳು ಚಿಕ್ಕಮ್ಮ. ಅಂದಿನಿಂದ ಅವಳ ಸೊಂಟದಲ್ಲಿ ಒಂದು ಒದ್ದೆ ಬಟ್ಟೆ ಸಿಕ್ಕಿಸಿಕೊಂಡೇ ಇರುತ್ತದೆ. ಕಾಲರು, ತೋಳು, ಜೇಬಿನ ಅಂಚು, ಎಲ್ಲಿ ಬಿಳಿ ಕಂಡರೂ ಕೈ ತಾನಾಗಿ ಹೋಗಿ ಒರೆಸುತ್ತದೆ. ಮನಸ್ಸನ್ನು ಕೇಳುವುದಿಲ್ಲ.

ಅವಳ ಗಂಡ ಗ್ಯಾರೇಜಿನ ಮೇಸ್ತ್ರಿ. ಆಗಿದ್ದ, ಎನ್ನಬೇಕು. ಜ್ಯಾಕ್ ಜಾರಿ ಗಾಡಿ ಬಲತೋಳಿನ ಮೇಲೆ ಕುಸಿದಾಗ ಜೀವ ಉಳಿಯಿತು, ಕೈಯೂ ಉಳಿಯಿತು, ಹಿಡಿತ ಉಳಿಯಲಿಲ್ಲ. ಈಗ ಆ ಬೆರಳುಗಳಲ್ಲಿ ಚಮಚ ಕೂಡ ನಿಲ್ಲುವುದಿಲ್ಲ. ಗ್ಯಾರೇಜಿನ ಯಜಮಾನ, ಸುಧಾರಿಸ್ಕೊ, ಕೆಲಸ ಎಲ್ಲಿಗೂ ಓಡಿಹೋಗಲ್ಲ ಎಂದು ಬೆನ್ನು ತಟ್ಟಿ ಮನೆಗೆ ಕಳಿಸಿದ. ಅದೇ ವಾರ ಬೇರೆಯವನನ್ನು ಇಟ್ಟುಕೊಂಡ. ಸ್ಪ್ಯಾನರ್ ಪೆಟ್ಟಿಗೆ ಮಂಚದ ಕೆಳಗೆ ಸೇರಿತು. ಮೇಸ್ತ್ರಿ ಕಿಟಕಿ ಸೇರಿದ. ಬೀದಿಯಲ್ಲಿ ಹೋಗುವ ಗಾಡಿಗಳ ಕಾಯಿಲೆಯನ್ನು ಬರೀ ಸದ್ದಿನಿಂದ ಹೇಳುತ್ತಾ ದಿನ ದೂಡುವುದು ಅವನ ಕೆಲಸವಾಯಿತು. ಕೆಲಸ ಮಾಡುವಾಗ ಸಣ್ಣಗೆ ಸೀಟಿ ಹಾಕುವ ಅವನ ಅಭ್ಯಾಸ ನಿಂತೇ ಹೋಯಿತು. ಮನೆಯಲ್ಲಿ ಮಷೀನಿನ ಸದ್ದೊಂದೇ ಉಳಿದಾಗ ಟೇಲರಮ್ಮನಿಗೆ ಕಿವಿ ಕೆಟ್ಟಂತೆ ಅನಿಸುತ್ತಿತ್ತು.

ಪಕ್ಕದ ಬೀದಿಯ ನರ್ಸಕ್ಕನ ಹಳೇ ಕಾರು ಒಂದು ದಿನ ಟಕಟಕ ಎನ್ನುತ್ತಾ ಕಿಟಕಿಯ ಮುಂದೆ ಹೋಯಿತು. ಕ್ಯಾಮ್ ಸವೆದಿದೆ, ಬೆಲ್ಟಿಗೂ ವಯಸ್ಸಾಗಿದೆ, ಎಲ್ಲಾದರೂ ನಡುದಾರಿಯಲ್ಲಿ ಹರಿದರೆ ಎಂಜಿನ್ನೇ ಹೋಯಿತು ಎಂದು ಮೇಸ್ತ್ರಿ ಕೂಗಿ ಹೇಳಿದ. ಮುಂದಿನ ಭಾನುವಾರ ಬೆಳಿಗ್ಗೆ ನರ್ಸಕ್ಕ ಹೊಸ ಕ್ಯಾಮ್‌ಶಾಫ್ಟ್ ಎರಡು, ಹೊಸ ಬೆಲ್ಟ್ ಒಂದು ತಂದು ಅವರ ಮನೆಯ ಪಕ್ಕದ ತಗಡಿನ ಮಾಡಿನ ಕೆಳಗೆ ಕಾರು ನಿಲ್ಲಿಸಿಬಿಟ್ಟಳು.

"ನೀವೇ ಮಾಡಿ ಅಣ್ಣ. ನಾಳೆ ಬೆಳಗಿನ ಡ್ಯೂಟಿಗೆ ಗಾಡಿ ಬೇಕು."

ಮೇಸ್ತ್ರಿ ತನ್ನ ಬಲಗೈ ನೋಡಿಕೊಂಡ. ನರ್ಸಕ್ಕ ಟೇಲರಮ್ಮನನ್ನು ನೋಡಿದಳು.

"ಕೈ ಇವರದ್ದಿದೆಯಲ್ಲ. ತಲೆ ನಿಮ್ಮದು ಇರ್ಲಿ."

ಗೋಡೆಯಾಚೆ ಹಲ್ಲುಜ್ಜುತ್ತಿದ್ದ ಭಾವ, ಮೇಸ್ತ್ರಿಯ ಅಣ್ಣ, ಸುಮ್ಮನಿರಲಾರದೆ ಇಣುಕಿ, ಹಾಗಾದರೆ ಇನ್ನು ಮೇಲೆ ನನ್ನ ತಮ್ಮ ಕೂತು ಅಂಗಿಗೆ ಗುಂಡಿ ಹಾಕುತ್ತಾನೋ ಎಂದು ಕೇಳಿದ. ಯಾರೂ ನಗಲಿಲ್ಲ. ಮೇಸ್ತ್ರಿಯ ಮುಖ ಗಂಟಿಕ್ಕಿದ್ದು ನೋಡಿ ಟೇಲರಮ್ಮನಿಗೆ ಒಂದು ಮಾತು ಖಚಿತವಾಯಿತು: ಈ ಎಂಜಿನ್ ಕೆಟ್ಟರೆ ಇವನ ಮುಂದೆ ಇನ್ಯಾರೂ ಗಾಡಿ ತಂದು ನಿಲ್ಲಿಸುವುದಿಲ್ಲ. ತಂದರೂ ಇವನು ಮುಟ್ಟುವುದಿಲ್ಲ. ಪೆಟ್ಟಿಗೆ ಮಂಚದ ಕೆಳಗೇ ತುಕ್ಕು ಹಿಡಿಯುತ್ತದೆ.

ಅವಳೇ ಹೋಗಿ ಪೆಟ್ಟಿಗೆ ಎಳೆದು ತಂದಳು. ಅವನು ಸ್ಟೂಲಿನ ಮೇಲೆ ಕುಳಿತು ಹೇಳಿದ, ಅವಳು ಬಿಚ್ಚಿದಳು. ಮೇಲೆ ಎರಡು ಕ್ಯಾಮ್‌ಶಾಫ್ಟ್, ಅವುಗಳ ಉಬ್ಬುಗಳು ವಾಲ್ವ್‌ಗಳನ್ನು ಒತ್ತಿ ತೆರೆಯುತ್ತವೆ. ಕೆಳಗೆ ಪಿಸ್ಟನ್ ಆಡಿಸುವ ಕ್ರ್ಯಾಂಕ್. ಎರಡನ್ನೂ ಒಂದೇ ತಾಳಕ್ಕೆ ಕಟ್ಟುವುದು ಹಲ್ಲಿನ ಬೆಲ್ಟ್. ತಾಳ ತಪ್ಪಿದರೆ ಪಿಸ್ಟನ್ ಬಂದು ತೆರೆದ ವಾಲ್ವಿಗೆ ಗುದ್ದಿ ಎಲ್ಲ ಸೊಟ್ಟಗಾಗುತ್ತದೆ. ಅವಳಿಗೆ ತಿಳಿಯಲೆಂದು ಮೇಸ್ತ್ರಿ, ಸೂಜಿಗೂ ಬಾಬಿನ್ನಿಗೂ ಹೊಂದಾಣಿಕೆ ತಪ್ಪಿದರೆ ಏನಾಗುತ್ತೆ ಹೇಳು, ಎಂದ. ಸೂಜಿ ಮುರಿಯುತ್ತೆ, ಎಂದಳು. ಹಾಗೇ, ಎಂದ.

ಬೆಲ್ಟ್ ಸುತ್ತುವ ಹಲ್ಲಿನ ಚಕ್ರಗಳಲ್ಲಿ ಮೇಲಿನ ಎರಡು ಕ್ಯಾಮ್ ಚಕ್ರಗಳಿಗೆ ಕಾರ್ಖಾನೆಯೇ ಕೊರೆದ ಗುರುತಿತ್ತು. ಕ್ರ್ಯಾಂಕಿನ ಚಕ್ರ ಮಾತ್ರ ಯಾರೋ ಹಿಂದೆ ಬದಲಿಸಿದ್ದು, ಬೋಳು. ಹಳೇ ಬೆಲ್ಟ್ ಬಿಚ್ಚುವ ಮೊದಲು ಮೇಲಿನ ಗುರುತುಗಳನ್ನು ಸರಿಹೊಂದಿಸಿ, ಅವಳ ಡಬ್ಬಿಯದೇ ಸೀಮೆಸುಣ್ಣ ಎಡಗೈಯಲ್ಲಿ ಹಿಡಿದು, ಮೇಸ್ತ್ರಿ ಬಗ್ಗಿ, ಎಂಜಿನ್ನಿನ ಮೈಮೇಲಿನ ಒಂದು ಮೊನೆಗೆ ಎದುರಾಗಿದ್ದ ಆ ಚಕ್ರದ ಹಲ್ಲಿನ ಮೇಲೆ ಗೆರೆ ಎಳೆದ. ಇಡೀ ಬೆಳಗಿನಲ್ಲಿ ಅವನ ಕೈಯಿಂದಲೇ ಆದ ಕೆಲಸ ಅದೊಂದೇ. ಬೆಲ್ಟ್ ಬಿಚ್ಚಿದ ಮೇಲೆ, ಪಿಸ್ಟನ್‌ಗಳು ವಾಲ್ವಿನಿಂದ ದೂರ ಇರಲಿ ಎಂದು ಕ್ರ್ಯಾಂಕನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಲು ಹೇಳಿದ. ತಿರುಗಿಸಿದಳು. ಹಳೆಯ ಕ್ಯಾಮ್‌ಗಳು, ಅವನು ಹೇಳಿದ ಸರದಿಯಲ್ಲೇ ಬೋಲ್ಟುಗಳು ಸಡಿಲಾಗಿ, ಅಲುಗದೆ ಎದ್ದು ಬಂದವು. ಆಗ ಮೇಸ್ತ್ರಿ ಸೀಟಿ ಹಾಕತೊಡಗಿದ. ಎಷ್ಟು ತಿಂಗಳ ಮೇಲೋ. ಅವನಿಗೇ ಗೊತ್ತಿಲ್ಲದಂತೆ, ಹಲ್ಲಿನ ಸಂದಿಯಿಂದ.

ಟೇಲರಮ್ಮ ಆ ಸೀಟಿ ಕೇಳುತ್ತಾ ಎಣ್ಣೆ ಜಿಡ್ಡನ್ನೆಲ್ಲ ಒರೆಸುತ್ತಿದ್ದಳು. ಮೇಲೆ ಒರೆಸಿದಳು, ಬದಿ ಒರೆಸಿದಳು, ಬಗ್ಗಿ ಕೆಳಗೆ ಒರೆಸಿದಳು. ಬಟ್ಟೆ ಎತ್ತಿ ನೋಡಿದರೆ ಕಪ್ಪಿನ ನಡುವೆ ಬಿಳಿ.

ಬೋಳು ಚಕ್ರ ಹೊಳೆಯುತ್ತಿತ್ತು. ಎಲ್ಲ ಹಲ್ಲೂ ಒಂದೇ ಥರ.

ಮೇಸ್ತ್ರಿ ಬೆನ್ನು ಮಾಡಿ ಹೊಸ ಕ್ಯಾಮಿಗೆ ಎಡಗೈಯಿಂದ ಎಣ್ಣೆ ಸವರುತ್ತಿದ್ದ. ಸೀಟಿ ನಡೆದೇ ಇತ್ತು. ಗೆರೆ ಇಲ್ಲೇ ಎಲ್ಲೋ ಇತ್ತಲ್ಲ, ಈ ಹಲ್ಲು, ಅಥವಾ ಪಕ್ಕದ್ದು. ಕಣ್ಣಳತೆಯಲ್ಲೇ ಅಂಗಿಯ ತೋಳು ಕತ್ತರಿಸಿದ ಕೈ ಅವಳದು, ಎಂದೂ ತಪ್ಪಿರಲಿಲ್ಲ. ಡಬ್ಬಿಯಿಂದ ಸೀಮೆಸುಣ್ಣ ತೆಗೆದು ಗೆರೆ ಎಳೆದೇಬಿಟ್ಟಳು. ನೋಡಲು ಥೇಟ್ ಮೊದಲಿನ ಹಾಗೇ ಇತ್ತು. ಅದೇ ಅವಳನ್ನು ಹೆದರಿಸಿತು.

"ಬಾ, ಹಿಡಿ ಇದನ್ನ," ಎಂದ ಮೇಸ್ತ್ರಿ. "ಮಗು ಥರ ಮಲಗಿಸ್ಬೇಕು."

ಕ್ಯಾಮ್ ಅವಳ ಅಂಗೈಗೆ ಬಂತು. ತಣ್ಣಗೆ, ಭಾರವಾಗಿ. ಬೀದಿಯಲ್ಲಿ ಬಿಸಿಲು ಇಳಿಯತೊಡಗಿತ್ತು. ಕತ್ತಲಾಗುವುದರೊಳಗೆ ನರ್ಸಕ್ಕ ಬರುವವಳು. ಗೋಡೆಯಾಚೆ ಭಾವನ ಕೆಮ್ಮು ಕೇಳಿಸುತ್ತಿತ್ತು. ಬಾಯಿಬಿಟ್ಟರೆ ಸೀಟಿ ನಿಲ್ಲುತ್ತದೆ, ಬಿಡದಿದ್ದರೆ ಎಂಜಿನ್ ನಿಲ್ಲಬಹುದು. ಕ್ಯಾಮನ್ನು ಅದರ ಜಾಗದಲ್ಲಿ ಮಲಗಿಸಲು ಬಗ್ಗಿದವಳು ಮತ್ತೆ ಎದ್ದು ನಿಂತಳು.

"ಕೆಳಗಿನ ಗೆರೆ ನಿಮ್ಮದಲ್ಲ. ನಿಮ್ಮದನ್ನ ನಾನು ಒರೆಸಿಬಿಟ್ಟೆ. ಅದು ಅಂದಾಜಿಗೆ ಎಳೆದದ್ದು."

ಸೀಟಿ ನಿಂತಿತು. ಅವನು ಬೈಯುತ್ತಾನೆ ಎಂದು ಕಾದಳು; ಬೈದಿದ್ದರೆ ಹಗುರಾಗುತ್ತಿತ್ತು. ಅವನು ಕಾರಿನ ಅಂಚಿಗೆ ಹಣೆ ಒತ್ತಿ ಕುಳಿತುಬಿಟ್ಟ. ಜೋತುಬಿದ್ದ ಬಲಗೈ ಮೊಣಕಾಲಿಗೆ ತಾಗಿ ತಾಗಿ ಅಲುಗಿತು.

"ಆಗಲೇ ಹೇಳ್ಬೇಕಿತ್ತು."

"ಸೀಟಿ ಹಾಕ್ತಿದ್ರಿ. ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ."

ಅವನು ತಲೆ ಎತ್ತಿ ಕೇಳಿದ್ದು, ಕ್ಯಾಮ್ ಕೂರಿಸಿಲ್ಲ ತಾನೇ, ಎಂದು. ಇಲ್ಲ ಎಂದಳು. ಹಾಗಾದರೆ ವಾಲ್ವ್‌ಗಳೆಲ್ಲ ಮುಚ್ಚಿವೆ, ಕ್ರ್ಯಾಂಕನ್ನು ಹೇಗೆ ತಿರುಗಿಸಿದರೂ ಏನೂ ತಗುಲುವುದಿಲ್ಲ, ಎಂದ. ಮೊದಲ ಪಿಸ್ಟನ್ ತುತ್ತತುದಿಗೆ ಬರುವ ಜಾಗವೇ ಆ ಗೆರೆಯ ಜಾಗ. ಸ್ಪಾರ್ಕ್ ಪ್ಲಗ್ ಬಿಚ್ಚಿದ ತೂತಿನಲ್ಲಿ ಪಿಸ್ಟನ್ನಿನ ಮೇಲೆ ಕಡ್ಡಿ ಇಳಿಬಿಟ್ಟು ಹುಡುಕಬೇಕು. ಆದರೆ ತುದಿಯಲ್ಲಿ ಪಿಸ್ಟನ್ ಕೊಂಚ ಹೊತ್ತು ನಿಂತಂತೇ ಇರುತ್ತದೆ. ಎಲ್ಲಿ ನಿಜವಾದ ತುದಿ ಎಂದು ಅವನ ಬೆರಳುಗಳು ಹೇಳುತ್ತಿದ್ದವು. ಈಗ ಆ ಬೆರಳುಗಳು ಕಡ್ಡಿ ಹಿಡಿಯಲಾರವು.

ಟೇಲರಮ್ಮ ಒಳಗೆ ಹೋಗಿ ಸ್ವೆಟರ್ ಹೆಣೆಯುವ ಕಡ್ಡಿ, ಕೆಂಪು ದಾರ, ಅಳತೆ ಟೇಪು ತಂದಳು. ತುದಿಯನ್ನು ಹುಡುಕುವುದೇ ಬೇಡ ಎಂದಳು. ಬಟ್ಟೆಯ ನಡು ಎಲ್ಲಿದೆ ಎಂದು ಯಾರೂ ಕಣ್ಣಿನಿಂದ ಹುಡುಕುವುದಿಲ್ಲ, ಎರಡು ಅಂಚು ಸೇರಿಸಿ ಮಡಿಸುತ್ತಾರೆ. ಕಡ್ಡಿಗೆ ಒಂದು ಕಡೆ ದಾರ ಬಿಗಿದು ತೂತಿನೊಳಗೆ ಇಳಿಬಿಟ್ಟಳು. ಕ್ರ್ಯಾಂಕ್ ತಿರುಗಿಸಿದಳು; ಕಡ್ಡಿ ಏರುತ್ತಾ ದಾರ ತೂತಿನ ಅಂಚಿಗೆ ಬಂದಾಗ, ಎಂಜಿನ್ನಿನ ಮೈಮೇಲಿನ ಮೊನೆಯ ಎದುರಿಗೆ ಚಕ್ರದಲ್ಲಿ ಒಂದು ಗುರುತು. ಇನ್ನೂ ತಿರುಗಿಸಿದಳು, ಕಡ್ಡಿ ಏರಿ, ತಡೆದು, ಇಳಿದು ದಾರ ಮತ್ತೆ ಅದೇ ಅಂಚಿಗೆ ಬಂದಾಗ ಇನ್ನೊಂದು. ಎರಡರ ನಡುವೆ ಚಕ್ರದ ದುಂಡಿಗೆ ಟೇಪು ಸುತ್ತಿ, ಮಡಿಸಿ, ಅರ್ಧ ತೆಗೆದಳು; ಆ ನಡುವೇ ನಿಜವಾದ ತುದಿ.

ಅವಳು ಅಂದಾಜಿಗೆ ಎಳೆದ ಗೆರೆ ಅಲ್ಲಿಂದ ಎರಡು ಹಲ್ಲು ಆಚೆಗಿತ್ತು.

ಇಬ್ಬರೂ ಅದನ್ನು ನೋಡಿದರು. ಮೇಸ್ತ್ರಿ ಪೆಟ್ಟಿಗೆಯಿಂದ ಸಣ್ಣ ಅರ ಹುಡುಕಿ ಕೊಟ್ಟ. ಈ ಸಲ ಒರೆಸಲಾಗದ ಗೆರೆ ಬಿತ್ತು.

ಕ್ರ್ಯಾಂಕ್ ಮತ್ತೆ ಹಿಂದಕ್ಕೆ ಹೋಯಿತು, ಕ್ಯಾಮ್‌ಗಳು ಮಲಗಿದವು, ಗುರುತುಗಳು ಕೂಡಿದವು, ಬೆಲ್ಟ್ ಬಿಗಿಯಾಯಿತು. ನರ್ಸಕ್ಕ ಬಂದು ಮಾಡಿನ ಅಂಚಿನಲ್ಲೇ ನಿಂತಳು. ಕೀಲಿ ಹಾಕುವ ಮೊದಲು ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಬೇಕು, ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ಬಿಡಬೇಕು, ಎಂದ ಮೇಸ್ತ್ರಿ. ಟೇಲರಮ್ಮ ತಿರುಗಿಸಿದಳು. ಅವನ ಎಡಗೈ ಅವಳ ಕೈಯ ಮೇಲಿತ್ತು, ಒತ್ತದೆ, ಬರೀ ಕೇಳಿಸಿಕೊಳ್ಳುತ್ತಾ. ಒಂದು ಕಡೆ ಬಿಗಿಯಾಯಿತು. ಅವಳು ನಿಂತಳು. ಅದು ವಾಲ್ವಿನ ಸ್ಪ್ರಿಂಗು, ತಿರುಗಿಸು, ಹೋಗ್ಲಿ, ಎಂದ. ಹೋಯಿತು. ಗುರುತುಗಳು ಸುತ್ತು ಮುಗಿಸಿ ತಂತಮ್ಮ ಜಾಗಕ್ಕೆ ಬಂದವು.

ಕೀಲಿ ಮೇಸ್ತ್ರಿಯೇ ತಿರುಗಿಸಿದ, ಸ್ಟೀರಿಂಗಿನ ಆಚೆಯಿಂದ ಎಡಗೈ ತೂರಿಸಿ. ಎಂಜಿನ್ ಹೊತ್ತಿತು. ಟಕಟಕ ಎಂದಿತು. ಮೇಸ್ತ್ರಿ ಕೈ ಎತ್ತಿ ಎಲ್ಲರನ್ನೂ ತಡೆದು, ತಲೆ ವಾಲಿಸಿ ಕೇಳಿದ. ಹೊಸ ಕ್ಯಾಮ್‌ಗಳ ಮೇಲೆ ಎಣ್ಣೆ ಏರುತ್ತಾ ಹೋದಂತೆ ಆ ಸದ್ದು ತೆಳುವಾಗಿ, ದೂರವಾಗಿ, ಇಲ್ಲವಾಯಿತು.

ಮುಂದಿನ ತಿಂಗಳು ಬ್ರೇಕೂ ತೋರಿಸಬೇಕು, ಯಾರಾದರೂ ಇದ್ದಾರಾ ಅಣ್ಣ, ಎಂದು ಕೇಳುತ್ತಾ ನರ್ಸಕ್ಕ ಕಾರಿನೊಳಗೆ ಕೂತಳು.

"ತಗೊಂಡು ಬಾಮ್ಮ," ಎಂದ ಮೇಸ್ತ್ರಿ. "ನಾವು ನೋಡ್ತೀವಿ."

ಕಾರು ತಿರುವು ದಾಟುವ ತನಕ ಅವನು ಕಿವಿಗೊಟ್ಟು ನಿಂತಿದ್ದ. ಆಮೇಲೆ ಹೆಣಿಗೆಯ ಕಡ್ಡಿಯನ್ನು ತನ್ನ ಪೆಟ್ಟಿಗೆಯಲ್ಲಿಟ್ಟು, ಸೀಮೆಸುಣ್ಣವನ್ನು ಅವಳ ಕಡೆ ಎಸೆದ. ಇದು ನಿನ್ನ ಡಬ್ಬಿಯಲ್ಲೇ ಇರಲಿ, ನಮ್ಮ ಪೆಟ್ಟಿಗೆಗೆ ಬೇಡ, ಎಂದ. ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಲೆಂದು ಅವಳು ಬಗ್ಗಿದಳು. ಬಾಗಿಲ ಹತ್ತಿರವೇ ಇರಲಿ, ಎಂದ.