ಉದ್ದೇಶದ ಕಾಲಂ

ಇಪ್ಪತ್ತೆರಡನೆಯ ವಯಸ್ಸಿಗೆ ಗ್ರಾಮಸೇವಕಿಯಾಗಿ ಬಂಗಾರಪೇಟೆಗೆ ಬಂದಾಗ, ನನ್ನಷ್ಟು ತಿಳಿದವರು ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂದೇ ನಂಬಿದ್ದೆ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಯೋಜನೆ ಎಂಬ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ತರಬೇತಿಯಲ್ಲಿ ನಮಗೊಂದು ನಮೂನೆ ಕೊಟ್ಟಿದ್ದರು: ಉದ್ದೇಶ, ಕೆಲಸ, ಅಳತೆ, ಹೊಣೆ ಯಾರದು, ಯಾವ ತಾರೀಖಿಗೆ ಮುಗಿಯಬೇಕು. ಕಾಲಂ ತುಂಬುವುದರಲ್ಲಿ ನಾನು ಗಟ್ಟಿಗಿತ್ತಿ. ಖಾಲಿ ಕಾಲಂ ಕಂಡರೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತಿತ್ತು.

ಬೂದಿಕೋಟೆ ದಾರಿಯ ಒಂದು ಹಳ್ಳಿಗೆ ಬಾವಿ ಮಂಜೂರಾಯಿತು. ಅಲ್ಲಿಯ ಹೆಂಗಸರು ಒಂದು ಮೈಲಿ ಆಚೆ, ಕೆರೆಯ ಪಕ್ಕದ ಬಾವಿಯಿಂದ ನೀರು ಹೊರುತ್ತಿದ್ದರು. ಊರೊಳಗೆ ಹಿಂದೆ ತೋಡಿದ್ದ ಬಾವಿ ಒಂದೇ ಮಳೆಗಾಲದಲ್ಲಿ ಕುಸಿದು ಮುಚ್ಚಿಹೋಗಿತ್ತು. ಹೊಸದಕ್ಕೆ ಜಾಗ ಕೊಡಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಒಬ್ಬ ವಿಧವೆ ತನ್ನ ರಾಗಿ ಹೊಲದ ಮೂಲೆಯನ್ನು ಬಿಟ್ಟುಕೊಟ್ಟಳು.

"ಮಗಳು ಬಸ್ರಿ. ಮೊದಲ್ನೇ ಎರಿಗೆಗೆ ಇಲ್ಲಿಗೇ ಬತ್ತಾಳೆ. ಬಾಣಂತಿ ನೀರು ಅಂದ್ರೆ ಸುಮ್ನೇನಾ? ಕೆರೆ ತಾವಿಂದ ನಾನೊಬ್ಳೇ ಒರಾಕಾಗಲ್ಲ ಕಣಮ್ಮ. ಅಷ್ಟರೊಳಗೆ ನೀರ್ ಕೊಡ್ತೀರಾ?"

"ಖಂಡಿತ ಕೊಡ್ತೀನಿ ಅಕ್ಕಾ" ಎಂದೆ. ಹೆರಿಗೆ ಯಾವಾಗ ಎಂದು ಕೇಳಿ, ಅದಕ್ಕೆ ಒಂದು ವಾರ ಮುಂಚಿನ ದಿನವನ್ನು ತಾರೀಖಿನ ಕಾಲಮಿಗೆ ಬರೆದುಕೊಂಡೆ. ಉದ್ದೇಶದ ಕಾಲಮಿನಲ್ಲಿ 'ಬಾವಿ ತೋಡಿ ಕಟ್ಟುವುದು' ಎಂದು ಬರೆದೆ. ಕೆಲಸದ ಕಾಲಮಿನಲ್ಲೂ ಅದನ್ನೇ ಬರೆದೆ. ಎರಡೂ ಒಂದೇ ಆಯಿತಲ್ಲ ಎಂದು ನನಗೂ ಅನ್ನಿಸಲಿಲ್ಲ, ರುಜು ಹಾಕಿದ ಮೇಲಿನವರಿಗೂ ಅನ್ನಿಸಲಿಲ್ಲ.

ತೋಡಲು ಆಳುಗಳನ್ನು ಹುಡುಕಬೇಕಾಗಿರಲಿಲ್ಲ. ಊರಿನ ಹತ್ತು ಹನ್ನೆರಡು ಗಂಡಸರು ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದರು. ವಾರದ ರಜೆಯ ದಿನ ಶ್ರಮದಾನಕ್ಕೆ ಇಳಿದರು. ಅವರ ಮುಂದಾಳು ಚಾಂಪಿಯನ್ ರೀಫ್ಸ್ ಗಣಿಯಲ್ಲಿ ನೆಲದಡಿ ಗೋಡೆ ಕಟ್ಟುವ ಮೇಸ್ತ್ರಿ. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಉಸಿರಿಗೆ ಆಡುತ್ತಿದ್ದ. ನಾನು ಅಳತೆ ಟೇಪು ಹಿಡಿದು ಹೋದಾಗಲೆಲ್ಲ ಕಿಚಾಯಿಸುತ್ತಿದ್ದ: "ಏನಮ್ಮಯ್ಯ, ಇದೂ ಒಂದು ಆಳವಾ? ನಾವ್ ದಿನಾ ಇಳಿಯೋದ್ರಾಗೆ ಇದು ಉಗುರಷ್ಟೂ ಇಲ್ಲ!"

ಒಂದು ಭಾನುವಾರ ಮಣ್ಣು ಮುಗಿದು ಬಂಡೆ ಶುರುವಾಗುವಲ್ಲಿ, ಪಕ್ಕದಿಂದ ಜಲ ಒಡೆಯಿತು. ಹೆಂಗಸರು ತೆಂಗಿನಕಾಯಿ ಒಡೆದರು. ನನ್ನ ಚಿಂತೆಯೆಲ್ಲ ಗೋಡೆಯದು. ಹಳೆಯ ಬಾವಿಯ ಹಾಗೆ ಇದೂ ಕುಸಿದರೆ ನನ್ನ ಮಾನ ಏನಾಗಬೇಕು? ಕಾಡಿ ಬೇಡಿ ಸಿಮೆಂಟು ಮಂಜೂರು ಮಾಡಿಸಿದೆ. "ಒಂದು ಕಲ್ಲೂ ಜರುಗಬಾರದು ಮೇಸ್ತ್ರಿ" ಎಂದು ಮೂರು ಸಲ ಹೇಳಿದೆ.

"ನನ್ ಗೋಡೆ ಜರುಗೋದಾ? ಇಪ್ಪತ್ ವರ್ಷದಿಂದ ಕಟ್ತಾ ಇದೀನಿ" ಎಂದು ಅವನು ನಕ್ಕ.

ಗೋಡೆ ಅರ್ಧ ಎದ್ದಿದ್ದಾಗ, ಜಾಗ ಕೊಟ್ಟಿದ್ದ ಆ ತಾಯಿ ಬಂಗಾರಪೇಟೆಯ ಆಫೀಸಿಗೆ ನಡೆದೇ ಬಂದಳು. ನಾನು ತಿಂಗಳ ವರದಿ ಬರೆಯುತ್ತಿದ್ದೆ. "ಅಮ್ಮಾ, ಆ ಗೋಡೆ..." ಎನ್ನುವಷ್ಟರಲ್ಲೇ ಬಾಯಿ ಮುಚ್ಚಿಸಿದೆ. "ಅಕ್ಕಾ, ತಿಳಿದವರು ಮಾಡ್ತಿದ್ದಾರೆ. ಹೇಳಿದ ದಿನಕ್ಕೆ ಮುಗಿಯುತ್ತೆ. ನಡುವೆ ಬಾಯಿ ಹಾಕಬೇಡಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದಳು. ಮಾರನೆಯ ದಿನ ನಾನು ಎರಡು ವಾರದ ತರಬೇತಿಗೆ ಹೋದೆ.

ತಿರುಗಿ ಬಂದಾಗ ಬಾವಿ ಮುಗಿದಿತ್ತು, ಅದೂ ಎರಡು ದಿನ ಮುಂಚೆಯೇ. ವರದಿ ಮೊದಲು ಕಳಿಸಿ, ಆಮೇಲೆ ಸೈಕಲ್ ಹತ್ತಿ ನೋಡಲು ಹೋದೆ. ಅಂಥ ಗೋಡೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಲ್ಲಿಗೆ ಕಲ್ಲು ಕೂತು, ಸಂದಿಗೆಲ್ಲ ಗಾರೆ ಮೆತ್ತಿ, ಕೈ ಆಡಿಸಿದರೆ ನುಣ್ಣಗಿತ್ತು. ಖುಷಿಯಿಂದ ಬಗ್ಗಿ ನೋಡಿದೆ.

ತಳದಲ್ಲಿ ಬಿಸಿಲು ಬಿದ್ದಿತ್ತು. ಗುಡಿಸಿಟ್ಟ ಹಾಗಿದ್ದ ಒಣ ಬಂಡೆ. ಯಾರೋ ಬಿಟ್ಟ ಬೀಡಿ ತುಂಡು ಕೂಡ ನೆನೆಯದೆ ಬಿದ್ದಿತ್ತು.

"ನೀರೆಲ್ಲಿ?" ಎಂದೆ. ಬಾವಿಯ ಸುತ್ತ ಊರವರು ನೆರೆದಿದ್ದರು.

ಮೇಸ್ತ್ರಿ ತಲೆ ತಗ್ಗಿಸಿದ. "ನೀರ್ ಒಸರ್ತಾ ಇದ್ರೆ ಗಾರೆ ಇಡಿಯಲ್ಲ ಅಮ್ಮಯ್ಯ. ಗಣೀಲಿ ನಮ್ ಕೆಲಸವೇ ಅದು, ಮೊದ್ಲು ನೀರ್ ನಿಲ್ಸು, ಆಮೇಲೆ ಕಟ್ಟು. ಮೂರ್ ದಿನ ಇಡೀತು ಅದ್ನ ನಿಲ್ಸಾಕೆ. ಬಾವಿಗೆ ನೀರ್ ಅಡೀಲಿಂದ ಬರ್ತದೆ ಅಂದ್ಕಂಡೆ."

ಅಡಿಯಲ್ಲಿ ಇದ್ದದ್ದು ಹನಿ ನೀರೂ ಬಿಡದ ಕರಿಬಂಡೆ. ಬಾವಿಗೆ ಬರಿಗಲ್ಲು ಜೋಡಿಸಬೇಕು, ಸಂದಿಯಿಂದ ನೀರು ಒಸರಬೇಕು ಎಂಬುದು ಊರಿನ ಯಾವ ಹೆಂಗಸಿಗಾದರೂ ಗೊತ್ತಿತ್ತು. ಸಿಮೆಂಟು ತರಿಸಿದವಳು ನಾನು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು ಎಂದು ಅವನ ಮೇಲೆ ರೇಗಿದೆ. ಆದರೆ ಅವನಿಗೆ ನಾನು ಹೇಳಿದ್ದು ಗೋಡೆಯ ಮಾತು ಮಾತ್ರ. ನೀರಿನ ಮಾತನ್ನು ಬಾಯಿಬಿಟ್ಟೂ ಹೇಳಿರಲಿಲ್ಲ, ಕಾಗದದ ಮೇಲೂ ಬರೆದಿರಲಿಲ್ಲ.

ಗುಂಪಿನಲ್ಲಿ ಆ ತಾಯಿ ನಿಂತಿದ್ದಳು, ಪಕ್ಕದಲ್ಲಿ ತುಂಬು ಬಸುರಿ ಮಗಳು. "ಅವತ್ತು ಆಪೀಸಿಗೆ ಬಂದಿದ್ದು ಇದ್ನೇ ಏಳಾಕೆ ಕಣಮ್ಮ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಅಷ್ಟು ನಾಚಿಕೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಆಫೀಸಿಗೆ ಓಡಿದೆ. ಮೇಲಿನವರು ವರದಿ ತಿರುಗಿಸಿ ನೋಡಿ, "ಮುಗಿದಿದೆ ಅಂತ ನೀವೇ ಬರೆದಿದ್ದೀರಲ್ಲಮ್ಮ. ಮುಗಿದ ಕೆಲಸ ಒಡೆಯೋದಕ್ಕೆ ನಮೂನೆ ಇಲ್ಲ" ಎಂದರು. ಒಣ ಬಾವಿ ಅವರ ಕಡತದಲ್ಲಿ ಪೂರ್ತಿಯಾಗಿತ್ತು.

ಮೇಸ್ತ್ರಿ ಯಾರ ಅಪ್ಪಣೆಗೂ ಕಾಯಲಿಲ್ಲ. ಗಣಿಗೆ ರಜೆ ಹಾಕಿ, ಹಾರೆ ಹಿಡಿದು ತಾನೇ ಇಳಿದ. ಒಂದೊಂದು ಏಟಿಗೂ "ಅಯ್ಯೋ" ಎನ್ನುತ್ತಿದ್ದ. ತನ್ನ ಕೈಯ ಕೆಲಸ ತಾನೇ ಒಡೆಯುವ ಸಂಕಟ ಅದು. ನಾಲ್ಕನೆಯ ದಿನ ಕಲ್ಲು ಕಿತ್ತ ಕಡೆಯಿಂದ ನೀರು ಇಣುಕಿತು. ಕೆಂಪು ಬಗ್ಗಡ, ಬೆರಳಿನಷ್ಟು ಸಣ್ಣ ಧಾರೆ. ತಿಳಿಯಾಗಲು ಇನ್ನೂ ಹತ್ತು ದಿನ ಬೇಕು ಎಂದರು.

ಅದೇ ದಿನ ಬೆಳಿಗ್ಗೆ ಮಗಳಿಗೆ ಹೆರಿಗೆಯಾಗಿತ್ತು. ಹೆಣ್ಣುಕೂಸು.

ಬಾಣಂತಿಗೆ ನೀರು ಹಾಕುವ ದಿನ ನಾನೂ ಬಿಂದಿಗೆ ಹಿಡಿದು ಕೆರೆಯ ಪಕ್ಕದ ಬಾವಿಗೆ ಹೊರಟೆ. ನೀರು ಹೊತ್ತು ನನಗೆ ಅಭ್ಯಾಸವಿರಲಿಲ್ಲ. ದಾರಿಯುದ್ದಕ್ಕೂ ತುಳುಕಿ ರವಿಕೆ ಬೆನ್ನಿಗೆ ಅಂಟಿಕೊಂಡಿತು. ಬಾವಿಯ ಆಳ ನನಗೆ ಗೊತ್ತಿತ್ತು, ಸುತ್ತಳತೆ ಗೊತ್ತಿತ್ತು, ಎಷ್ಟು ಮೂಟೆ ಸಿಮೆಂಟು ಎಂಬುದೂ ಬಾಯಿಪಾಠ. ಒಬ್ಬ ಬಾಣಂತಿಯ ಸ್ನಾನಕ್ಕೆ ಎಷ್ಟು ಬಿಂದಿಗೆ ನೀರು ಬೇಕು ಎಂಬುದು ಗೊತ್ತಿರಲಿಲ್ಲ. ಮೂರನೆಯ ಸಲ ಬಂದು ಹಂಡೆಗೆ ಸುರಿದಾಗ ಕುತ್ತಿಗೆ ತಿರುಗಿಸಲು ಆಗುತ್ತಿರಲಿಲ್ಲ. ಇನ್ನು ಸಾಕಲ್ಲವೇ ಎಂಬಂತೆ ಆ ತಾಯಿಯ ಮುಖ ನೋಡಿದೆ.

ಅವಳು ಹಂಡೆಯೊಳಗೆ ಬಗ್ಗಿ ನೋಡಿದಳು.

"ಇದು ತಲೆಗಾಯ್ತು ಕಣಮ್ಮ" ಎಂದಳು. "ಮೈಗೆ ಇನ್ನ ನಾಕು ಬೇಕು. ನಾಳೀಕೂ ಇಷ್ಟೇಯ."

ನಾನು ಖಾಲಿ ಬಿಂದಿಗೆ ಎತ್ತಿಕೊಂಡೆ.