ಗಾಜಿನ ಮೇಲಿನ ಹಸಿರು ಚುಕ್ಕೆ

ಇದನ್ನು ಕಥೆ ಅಂದುಕೊಂಡು ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ ಭೂತ ನಂಬುವ ಹೆಂಗಸಲ್ಲ. ಹೊಸಪೇಟೆಯ ಲ್ಯಾಬೊಂದರಲ್ಲಿ ರಕ್ತ, ಕಫಗಳ ಜೊತೆ ರಾತ್ರಿಪಾಳಿ ಮಾಡುವವಳು ದೆವ್ವಕ್ಕೆ ಹೆದರುತ್ತಾ ಕೂತರೆ ಹೊಟ್ಟೆ ತುಂಬುವುದಿಲ್ಲ. ಆದರೂ ಆ ರಾತ್ರಿ ನಡೆದದ್ದು ನಡೆದೇ ನಡೆದಿದೆ. ಮೈಕ್ರೋಸ್ಕೋಪಿನಡಿ ಇಡುವ ಆ ಗಾಜಿನ ಪಟ್ಟಿ ಇನ್ನೂ ನಮ್ಮ ಲ್ಯಾಬಿನ ಕಪಾಟಿನಲ್ಲಿದೆ. ಬಂದವರಿಗೆ ತೋರಿಸುತ್ತೇನೆ. ಮುಟ್ಟಲು ಮಾತ್ರ ಬಿಡುವುದಿಲ್ಲ...

ಮೊದಲು ಗೌರಮ್ಮ ಮೇಡಂ ವಿಷಯ ಹೇಳಬೇಕು. ಜೀವಕೋಶಗಳನ್ನು ನೋಡಿ ರೋಗ ಹೇಳುತ್ತಿದ್ದ ಡಾಕ್ಟರು ಅವರು. ಕಂಪ್ಲಿಯ ಅಕ್ಕಿಗಿರಣಿ ಮನೆತನದವರು. ಹಣೆ ತುಂಬ ವಿಭೂತಿ, ದವಡೆಯಲ್ಲಿ ಸದಾ ಒಂದು ಲವಂಗ, ಮೂಗಿನ ತುದಿಯಲ್ಲಿ ಸಿಟ್ಟು. ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಕೂತರೆ ಕರೆದರೂ ಕೇಳುತ್ತಿರಲಿಲ್ಲ. ಯಾವುದಾದರೂ ಒಂದು ಕೋಶ ಅನುಮಾನ ಹುಟ್ಟಿಸಿತೋ, ಲವಂಗ 'ಕಟ್' ಎಂದು ಹಲ್ಲಿನ ನಡುವೆ ಮುರಿಯುತ್ತಿತ್ತು. ಆಮೇಲೆ ಹಸಿರು ಶಾಯಿಯ ಪೆನ್ನು ತೆಗೆದು ಗಾಜಿನ ಮೇಲೆ, ಸರಿಯಾಗಿ ಆ ಜಾಗದಲ್ಲಿ, ಒಂದು ಚುಕ್ಕೆ ಇಡುತ್ತಿದ್ದರು.

ಮಾರನೇ ದಿನ ಹೊಸ ಕಣ್ಣಿನಿಂದ ಮತ್ತೆ ನೋಡುವರು. ಏನೂ ಇಲ್ಲವೆಂದು ಖಾತ್ರಿಯಾದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ತಾವೇ ಒರೆಸುವರು. ನಾನು ಕೆಲಸಕ್ಕೆ ಸೇರಿದ ದಿನವೇ ಬೆರಳು ತೋರಿಸಿ ಹೇಳಿದ್ದರು, "ಲೇ ರತ್ನಾ, ನೆಪ್ಪಿಟ್ಕೋ. ನಾ ಇಟ್ಟ ಚುಕ್ಕಿ ನಾನ ಒರಸ್ಬೇಕು. ಅದು ಒಬ್ಬರ ಜೀವದ ಮ್ಯಾಲಿನ ಅನುಮಾನ ಐತಿ. ಮಂದಿ ಕೈ ಹಚ್ಚಂಗಿಲ್ಲ."

ಆಮೇಲೆ ಮಷಿನ್ನು ಬಂತು. ಬೀರುವಿನಷ್ಟು ದೊಡ್ಡದು. ಸ್ಯಾಂಪಲ್ಲಿನ ಬಾಟಲಿ ಇಟ್ಟು ಬಾಗಿಲು ಹಾಕಿದರೆ ಮುಗಿಯಿತು. ತಾನೇ ಗರಗರ ತಿರುಗಿಸಿ, ಕೋಶಗಳನ್ನು ಗಾಜಿನ ಮೇಲೆ ದುಂಡಗೆ ತೆಳ್ಳಗೆ ಹರಡಿ, ಬಣ್ಣ ಹಾಕಿ, ಮೇಲೊಂದು ತೆಳು ಗಾಜು ಮುಚ್ಚಿ, ಆ ದುಂಡನೆಯ ಜಾಗದ ಇಂಚಿಂಚನ್ನೂ ಫೋಟೋ ತೆಗೆಯುತ್ತದೆ. ಕೆಟ್ಟ ಕೋಶ ಅನಿಸಿದರೆ ಪರದೆಯ ಮೇಲೆ ಕೆಂಪು ಚೌಕ ಹಾಕುತ್ತದೆ. ಫೋಟೋಗಳು ಬೆಂಗಳೂರಿನ ಡಾಕ್ಟರಿಗೆ ಹೋಗುತ್ತವೆ, ಅವರು ಅಲ್ಲಿಂದಲೇ ರಿಪೋರ್ಟು ಬರೆಯುತ್ತಾರೆ. ನಮ್ಮ ಕೈ ಎಲ್ಲೂ ಸೋಕುವುದಿಲ್ಲ.

ಮೇಡಂ ಅದರ ಸುತ್ತ ಒಂದು ಸುತ್ತು ಹಾಕಿ ನಕ್ಕಿದ್ದರು. "ಕಣ್ಣು ಭಾಳ ಚಲೋ ಅದಾವ ಬಿಡು ಇದಕ್ಕ. ಆದ್ರ ಅನುಮಾನ ಇಲ್ಲ ನೋಡು."

ಅದಾಗಿ ಕೆಲವೇ ತಿಂಗಳಲ್ಲಿ ಮೇಡಂ ಕಂಪ್ಲಿಯ ಮನೆಯಲ್ಲಿ ಮಲಗಿದಲ್ಲೇ ಹೋಗಿಬಿಟ್ಟರು. ಅವರ ಮೈಕ್ರೋಸ್ಕೋಪು ಮೂಲೆಯ ಮೇಜಿನ ಮೇಲೆ ಬಟ್ಟೆ ಹೊದ್ದು ಕೂತಿತು. ಎತ್ತಿ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ನಮ್ಮ ವಾಚ್‌ಮನ್, ಪಾಪಿನಾಯಕನಹಳ್ಳಿಯ ತಿಪ್ಪಣ್ಣ, ಪ್ರತಿ ಸೋಮವಾರ ಅದಕ್ಕೆ ಮೂರೆಳೆ ವಿಭೂತಿ ಹಚ್ಚುತ್ತಿದ್ದ. ನಾನು ಅವನನ್ನು ಗೇಲಿ ಮಾಡುತ್ತಿದ್ದೆ.

ಇನ್ನು ನನ್ನ ಮನೆಯ ವಿಷಯ. ನಮ್ಮವರು ವಡ್ಡು ಊರಿನವರು, ಅಲ್ಲೇ ಹತ್ತಿರದ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವರು. ಕೆಮ್ಮು ಶುರುವಾಗಿ ತಿಂಗಳುಗಟ್ಟಲೆ ಆಗಿತ್ತು. ಧೂಳು, ಧೂಳು ಅನ್ನುತ್ತಲೇ ದಿನ ದೂಡಿದರು. ಒಂದು ದಿನ ಮೆಟ್ಟಿಲು ಹತ್ತಲಾಗದೆ ನಡುವೆಯೇ ಕೂತುಬಿಟ್ಟರು. ಎಕ್ಸ್‌ರೇ ತೆಗೆದರೆ ಎದೆಯಲ್ಲಿ ನೀರು ತುಂಬಿತ್ತು.

ಡಾಕ್ಟರು ಸೂಜಿ ಹಾಕಿ ನೀರು ತೆಗೆದರು. "ಇದರಲ್ಲಿ ಕೆಟ್ಟ ಕೋಶ ಸಿಗದಿದ್ದರೆ ಟಿ.ಬಿ. ಮಾತ್ರೆ ಶುರು ಮಾಡೋಣ. ಸಿಕ್ಕರೆ..." ಎಂದು ಎಕ್ಸ್‌ರೇಯನ್ನು ಲಕೋಟೆಗೆ ಹಾಕಿ ನನ್ನ ಕಡೆ ಸರಿಸಿದರು. ಸಿಕ್ಕರೆ ಕ್ಯಾನ್ಸರ್ ಎಂದು ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಆ ಬಾಟಲಿ ನಮ್ಮ ಲ್ಯಾಬಿಗೇ ಬಂತು, ನನ್ನ ಪಾಳಿಗೇ ಬಂತು. ಗಂಡನಿಗೆ ಟಿ.ಬಿ. ಇರಲವ್ವಾ ತಾಯಿ ಎಂದು ಹುಲಿಗೆಮ್ಮನಿಗೆ ಹರಕೆ ಹೊತ್ತ ಹೆಂಡತಿ ಬಹುಶಃ ನಾನೊಬ್ಬಳೇ ಇರಬೇಕು.

ಹೊರಡುವಾಗ ಅವರು ಬಾಗಿಲ ತನಕ ಬಂದಿದ್ದರು. "ಏನೂ ಆಗಂಗಿಲ್ಲ ಬಿಡು. ನೀ ಮಾರಿ ಸಣ್ಣದು ಮಾಡ್ಕೋಬ್ಯಾಡ" ಎಂದರು. ಅಷ್ಟು ಹೇಳುವುದರಲ್ಲಿ ಮೂರು ಸಲ ಕೆಮ್ಮಿದರು.

ಬಾಟಲಿ ಇಟ್ಟು ಮಷಿನ್ನಿನ ಬಾಗಿಲು ಹಾಕಿದೆ. ಅದು ಕೆಲಸ ಮಾಡುವಾಗ ಬಾಗಿಲು ತಾನೇ ಲಾಕ್ ಆಗುತ್ತದೆ, ಎಳೆದರೂ ತೆರೆಯುವುದಿಲ್ಲ. ತಿಪ್ಪಣ್ಣ ಹೊರಗೆ ಗೇಟಿನ ಹತ್ತಿರ ಇದ್ದ. ಒಳಗೆ ನಾನೊಬ್ಬಳೇ. ಮಷಿನ್ನಿನ ಗರಗರ, ಫ್ರಿಜ್ಜಿನ ಗುಂಯ್... ಬೇರೆ ಸದ್ದಿಲ್ಲ.

ಆಗ ವಾಸನೆ ಬಂತು.

ಲ್ಯಾಬಿನಲ್ಲಿ ಸ್ಪಿರಿಟ್ಟಿನ ವಾಸನೆ ಇದ್ದೇ ಇರುತ್ತದೆ, ಅದು ನಮ್ಮ ಮೂಗಿಗೆ ಹತ್ತುವುದೇ ಇಲ್ಲ. ಇದು ಬೇರೆ. ಲವಂಗ. ಅದರ ಹಿಂದೆ, ಸ್ವಲ್ಪ, ವಿಭೂತಿ. ಸೋಮವಾರವಲ್ಲವೇ, ತಿಪ್ಪಣ್ಣ ಹಚ್ಚಿ ಹೋಗಿದ್ದಾನೆ ಅಂದುಕೊಂಡೆ. ಆದರೆ ಲವಂಗ?

'ಕಟ್.'

ನನ್ನ ಬೆನ್ನ ಹಿಂದೆ. ಮೂಲೆಯ ಮೇಜಿನ ಕಡೆ.

ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಬಟ್ಟೆ ಹೊದ್ದ ಮೈಕ್ರೋಸ್ಕೋಪು ಮಾತ್ರ ಇತ್ತು. ಅಷ್ಟರಲ್ಲಿ ಮಷಿನ್ನು ಟಿಂಗ್ ಎಂದಿತು. ಪರದೆ ನೋಡಿದೆ, ಒಂದೂ ಕೆಂಪು ಚೌಕವಿಲ್ಲ! ಕೆಟ್ಟ ಕೋಶಗಳು ಕಂಡುಬಂದಿಲ್ಲ ಎಂದು ಬಂದಿತ್ತು. ಹೋದ ಜೀವ ಬಂದಂತಾಯಿತು. ಲವಂಗವೂ ಬೇಡ, ದೆವ್ವವೂ ಬೇಡ, ಕುರ್ಚಿಯಲ್ಲಿ ಕುಸಿದು ಗಳಗಳನೆ ಅತ್ತೆ. ಸದ್ದು ಕೇಳಿ ತಿಪ್ಪಣ್ಣ ಓಡಿ ಬಂದ.

"ಯಾಕವ್ವಾ, ಏನಾತು?"

"ಏನೂ ಇಲ್ಲಂತ ತಿಪ್ಪಣ್ಣ! ನಮ್ಮವರಿಗೆ ಏನೂ ಇಲ್ಲಂತ!"

"ಹುಲಿಗೆವ್ವ ದೊಡ್ಡಾಕಿ" ಎಂದು ಅವನೂ ಕಣ್ಣೊರೆಸಿಕೊಂಡ.

ಬೀಗ ಬಿಚ್ಚಿಕೊಂಡ ಬಾಗಿಲು ತೆಗೆದು ಗಾಜಿನ ಪಟ್ಟಿ ಹೊರತೆಗೆದೆ.

ಗಾಜಿನ ಮೇಲೆ ಹಸಿರು ಚುಕ್ಕೆ. ಹಸಿ. ದೀಪದ ಬೆಳಕಿಗೆ ಮಿನುಗುತ್ತಿತ್ತು.

"ನೀವು ಇಟ್ರೇನವ್ವಾ?" ತಿಪ್ಪಣ್ಣ ಪಿಸುಗುಟ್ಟಿದ. ಅವನು ಗೌರಮ್ಮ ಮೇಡಂ ಕಾಲದವನು. ಅವನಿಗೆ ಆ ಚುಕ್ಕೆ ಗೊತ್ತು.

ನನಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ಬಣ್ಣ ಸಿಡಿದಿರಬೇಕು ಎಂದು ಸ್ಪಿರಿಟ್ಟಿನ ಹತ್ತಿ ತಗೊಂಡು ಒರೆಸಿದೆ. ಗಾಜು ಸ್ವಚ್ಛವಾಯಿತು. ತಿಪ್ಪಣ್ಣನಿಗೂ ತೋರಿಸಿದೆ. ಮತ್ತೆ ಫೋಟೋ ತೆಗೆಯಲು ಒಳಗಿಟ್ಟು ಬಾಗಿಲು ಹಾಕಿದೆ. ಇಬ್ಬರೂ ಅದರ ಮುಂದೆಯೇ ನಿಂತೆವು.

ಗರಗರ... ಟಿಂಗ್. ಪರದೆಯ ಮೇಲೆ ಮತ್ತೆ ಅದೇ ಮಾತು, ಏನೂ ಇಲ್ಲ. ಬಾಗಿಲು ತೆಗೆದರೆ ಅದೇ ಜಾಗದಲ್ಲಿ ಅದೇ ಹಸಿರು ಚುಕ್ಕೆ.

ತಿಪ್ಪಣ್ಣ ಎರಡು ಹೆಜ್ಜೆ ಹಿಂದೆ ಸರಿದ. ನಾನು ಮೂಲೆಯ ಮೇಜಿಗೆ ಹೋಗಿ ಡ್ರಾಯರ್ ಎಳೆದೆ. ಮೇಡಂ ಪೆನ್ನು ಅಲ್ಲೇ ಇತ್ತು. ಕಾಗದದ ಮೇಲೆ ಗೀಚಿದೆ, ಬರೆಯಲಿಲ್ಲ. ಶಾಯಿ ಎಂದೋ ಒಣಗಿಹೋಗಿತ್ತು.

ಆಗ ನನಗೆ ಏನಾಯಿತೋ ಗೊತ್ತಿಲ್ಲ. ನಂಬದ ಹೆಂಗಸು ನಾನು, ಖಾಲಿ ಕುರ್ಚಿಯ ಮುಂದೆ ಕೈ ಮುಗಿದು ನಿಂತೆ.

"ಮೇಡಂ, ಬ್ಯಾಡ್ರೀ... ಇವರೊಬ್ಬರ ಮ್ಯಾಲೆ ಬ್ಯಾಡ್ರೀ. ಬೇಕಾದ್ರ ನನ್ನ ಮ್ಯಾಲೆ ಇಡ್ರಿ ಚುಕ್ಕಿ. ಮಷಿನ್ ಇಲ್ಲ ಅಂದೈತಲ್ರೀ, ನೀವ್ಯಾಕ ಹೂಂ ಅಂತೀರಿ?"

ಎಂದವಳೇ ಮತ್ತೆ ಒರೆಸಿದೆ. ತಿಕ್ಕಿ ತಿಕ್ಕಿ ಒರೆಸಿದೆ. ಹತ್ತಿ ಹಸಿರಾಯಿತು. ನನ್ನ ಕಣ್ಣೆದುರಿಗೇ, ನನ್ನ ಎರಡು ಬೆರಳುಗಳ ನಡುವೆಯೇ, ಗಾಜಿನ ಮೇಲೆ ಹಸಿರು ನಿಧಾನವಾಗಿ ಉಕ್ಕಿ ಬಂದು ದುಂಡಗೆ ನಿಂತಿತು...

'ಕಟ್.' ಈ ಸಲ ಕಿವಿಯ ಪಕ್ಕದಲ್ಲೇ. ಕೆನ್ನೆಗೆ ಬಿಸಿ ಉಸಿರು ತಾಗಿತು, ಲವಂಗದ ಉಸಿರು.

"ಯವ್ವಾ..." ತಿಪ್ಪಣ್ಣ ದೂರದಿಂದಲೇ ಅಂದ. "ಇಷ್ಟ್ ಹಟ ಹಿಡದಾರಂದ್ರ ಸುಮ್ಮನ ಅಲ್ಲ. ಒಮ್ಮೆ ನೋಡಿಬಿಡ್ರಿ."

ಬಟ್ಟೆ ಸರಿಸಿದೆ. ಮೈಕ್ರೋಸ್ಕೋಪಿನ ದೀಪ ಹಾಕುವ ಮೊದಲೇ ಅದರ ಕಣ್ಣುಗಾಜು ಬೆಚ್ಚಗಿತ್ತು. ಯಾರೋ ಈಗಷ್ಟೇ ಎದ್ದು ಹೋದ ಹಾಗೆ. ಪಟ್ಟಿ ಇಟ್ಟು ಚುಕ್ಕೆಯ ಹತ್ತಿರ ತಂದೆ. ಆಗ ಗೊತ್ತಾಯಿತು, ಚುಕ್ಕೆ ಇದ್ದದ್ದು ಮಷಿನ್ನು ಕೋಶ ಹರಡಿದ ದುಂಡಿನ ಆಚೆ. ಮಷಿನ್ನು ಆ ದುಂಡಿನೊಳಗೆ ಮಾತ್ರ ನೋಡುತ್ತದೆ. ಅದರ ಆಚೆ, ಅಂಚಿಗೆ ಸಿಡಿದು ಅಂಟಿಕೊಂಡಿತ್ತು ಕೋಶಗಳ ಒಂದು ಗುಂಪು. ನಾನು ಡಾಕ್ಟರಲ್ಲ. ಆದರೆ ಮೇಡಂ ಪಕ್ಕದಲ್ಲಿ ಅಷ್ಟು ವರ್ಷ ನಿಂತವಳು. ಒಂದರ ಮೇಲೊಂದು ಬಿದ್ದ, ಕಪ್ಪಗೆ ದಪ್ಪಗೆ ಬೆಳೆದ ಆ ಕೋಶಗಳು ಏನೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಬೆಂಗಳೂರಿಗೆ ಹೋದ ಫೋಟೋದಲ್ಲಿ ಅದು ಇರಲೇ ಇಲ್ಲ. ನಾಲ್ಕು ದಿನವಾದರೂ ನೆಮ್ಮದಿಯಿಂದ ಉಣ್ಣುತ್ತಿದ್ದೆವು. ಆ ಆಸೆ ನನಗೆ ಬಂದದ್ದು ನಿಜ. ಆದರೆ ಲವಂಗದ ವಾಸನೆ ನನ್ನ ಬೆನ್ನ ಹಿಂದೆಯೇ ನಿಂತಿತ್ತು, ಕಾಯುತ್ತಾ. ಮೈಕ್ರೋಸ್ಕೋಪಿನ ಕಣ್ಣುಗಾಜಿಗೆ ಫೋನು ಹಿಡಿದು ಫೋಟೋ ತೆಗೆದು ಬೆಂಗಳೂರಿನ ಡಾಕ್ಟರಿಗೆ ಕಳಿಸಿದೆ. ಕಳಿಸಿದ ಮೇಲೆ ವಾಸನೆ ಇರಲಿಲ್ಲ.

ಬೆಳಿಗ್ಗೆ ಅವರೇ ಫೋನ್ ಮಾಡಿದರು. "ಇದು ನಿಮಗೆ ಹೇಗೆ ಸಿಕ್ಕಿತು? ತಡವಾಗಿದ್ದರೆ ಕಷ್ಟವಿತ್ತು" ಎಂದರು. ಕಣ್ಣಿಗೆ ಬಿತ್ತು ಸರ್ ಎಂದೆ.

ಆಮೇಲಿನದ್ದೆಲ್ಲ ಆಸ್ಪತ್ರೆಯ ಕಥೆ. ಔಷಧಿ, ವಾಂತಿ, ಉದುರಿದ ಕೂದಲು. ವರ್ಷದ ಮೇಲಾಯಿತು. ಮೊನ್ನೆ ದೊಡ್ಡಾಸ್ಪತ್ರೆಯವರು, ಸದ್ಯಕ್ಕೆ ಏನೂ ಕಾಣುತ್ತಿಲ್ಲ ಎಂದರು. ನಮ್ಮವರು ಬರುವ ದಾರಿಯಲ್ಲೇ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡರು. ಮಿರ್ಚಿಗೆ ಖಾರ ಸಾಲದು ಎಂದು ಅಂಗಡಿಯವನ ಜೊತೆ ಜಗಳವನ್ನೂ ಆಡಿದರು. ಆ ಜಗಳ ಕೇಳುತ್ತಾ ನಾನು ನಿಂತಲ್ಲೇ ಅತ್ತೆ.

ಆದರೆ ಲ್ಯಾಬಿಗೆ ಹೋದವಳು ಮೊದಲು ತೆಗೆದದ್ದು ಕಪಾಟು. ಏನೂ ಇಲ್ಲವಾದರೆ ಮೇಡಂ ತಾವೇ ಒರೆಸುತ್ತಾರೆ. ಅದು ಅವರ ಪದ್ಧತಿ. ಪಟ್ಟಿಯನ್ನು ಬೆಳಕಿಗೆ ಹಿಡಿದೆ.

ಚುಕ್ಕೆ ಇತ್ತು. ಅಷ್ಟೇ ಅಲ್ಲ, ಇನ್ನೂ ಹಸಿಯಾಗಿತ್ತು.

"ಒರಸ್ಲಿಕ್ಕೆ ಬಂದ ಬರ್ತಾರ ಬಿಡ್ರಿ, ಜಲ್ದಿ ಮಾಡಬ್ಯಾಡ್ರಿ" ಎನ್ನುತ್ತಾನೆ ತಿಪ್ಪಣ್ಣ. ಈಗ ಸೋಮವಾರ ಮೈಕ್ರೋಸ್ಕೋಪಿಗೆ ವಿಭೂತಿ ಹಚ್ಚುವವಳು ನಾನೇ. ಪಕ್ಕದಲ್ಲಿ ಒಂದು ಲವಂಗ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ. ಬೆಳಿಗ್ಗೆ ಲವಂಗ ಇರುವುದಿಲ್ಲ. ಹತ್ತಿ ಇಟ್ಟಲ್ಲೇ ಒಣಗಿರುತ್ತದೆ.

ನಮ್ಮವರಿಗೆ ಎಲ್ಲವನ್ನೂ ಹೇಳಿದ್ದೇನೆ. ಮಂಗಳವಾರ ಬೆಳಿಗ್ಗೆ ಪಾಳಿ ಮುಗಿಸಿ ಬಂದರೆ ಹಾಸಿಗೆಯಿಂದಲೇ ನಗುತ್ತಾ ಕೇಳುತ್ತಾರೆ, "ಏನಂದ್ಲು ನಿಮ್ಮ ಮೇಡಂ? ಒರಸಿದ್ಲೇನು?"

ನಾನು ಸೀದಾ ಒಳಗೆ ಹೋಗಿ ಹಿಟ್ಟು ಕಲಸಿ, ಅವರು ಮತ್ತೆ ಕೇಳಿದ್ದು ಕಿವಿಗೆ ಬೀಳದ ಹಾಗೆ, ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಜೋರಾಗಿ ರೊಟ್ಟಿ ಬಡಿಯುತ್ತೇನೆ.