ಕ್ಯಾರಿಯರ್ ಮೇಲಿದ್ದ ತಂಗಿ

ಮಳೆ ಬಿದ್ದು ಹಸಿರಾಗಿದ್ದ ಹೆಡಿಯಾಲದ ಕಾಡುದಾರಿಯಲ್ಲಿ ಆನೆ ಎದುರಾದಾಗ ನಾನು ಸೈಕಲ್ ಬಿಸಾಡಿ ಹಿಂದಕ್ಕೆ ಓಡಿದೆ. ಕ್ಯಾರಿಯರ್ ಮೇಲೆ ಏಳನೇ ಕ್ಲಾಸಿನ ತಂಗಿ ರತ್ನಿ ಕೂತಿದ್ದಳೆಂಬುದು ನೆನಪಾದದ್ದು ಮರದ ಮರೆ ಸೇರಿದ ಮೇಲೆ.

ಬಿದ್ದಿದ್ದ ಅವಳು ಎದ್ದು ಅಲುಗಾಡದೆ ನಿಂತಳು. ಆನೆ ಬಿದಿರು ಮುರಿದುಕೊಂಡು ಒಳಗೆ ಹೋಯಿತು. ಆಮೇಲೆ ಸೈಕಲ್ಲನ್ನು ನನ್ನ ಬಳಿಗೆ ತಳ್ಳಿಕೊಂಡು ಬಂದಳು.

"ಆನೆಗಿಂತ ನೀನೇ ಜೋರಾಗಿ ಓಡ್ದೆ ಕಣಣ್ಣ! ಇಂದ್ಗಡೆ ಕೂತ್ಕೊ, ನಾನೇ ತುಳೀತೀನಿ. ನೀನು ಓಡಿದ್ದನ್ನ ಅವ್ವಂಗೆ ಏಳಕಿಲ್ಲ."

ಸೈಕಲ್ಲಿನ ಅಡ್ಡ ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುತ್ತಾ, ಕಲ್ಲು, ಬೇರು, ಹಳ್ಳವೆಲ್ಲ ದಾಟಿಸಿ ನನ್ನನ್ನು ನಾವು ಹೊರಟಿದ್ದ ಅತ್ತೆಯ ಊರು ಮುಟ್ಟಿಸಿದಳು.

"ಅಣ್ಣ ಜತೇಲಿದ್ದುದ್ಕೆ ರತ್ನಿ ಬದುಕ್ತು" ಎಂದು ಅವ್ವ ಸಾಯುವವರೆಗೂ ಎಲ್ಲರಿಗೂ ಹೇಳುತ್ತಿದ್ದಳು. ರತ್ನಿ ಸುಮ್ಮನೆ ನಗುತ್ತಿದ್ದಳು. ನಾನು ಇವತ್ತಿನವರೆಗೂ ಬಾಯಿ ಬಿಟ್ಟಿರಲಿಲ್ಲ.